ಬಟನ್ ಒತ್ತೋದು ಕೊನೆಗೆ: ಅಲುಗಾಟ ತಡೆಯುವ ಬೈನಾಕ್ಯುಲರ್ ಬಳಸುವ ಬಗೆ

ಕೊಕ್ಕರೆ ಬೆಳ್ಳೂರಿನಲ್ಲಿ ನಮ್ಮ ಸೋದರಮಾವನ ಕೈಗೆ ಈ ಬೈನಾಕ್ಯುಲರ್ ಕೊಟ್ಟಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕಣ್ಣಿಂದ ಇಳಿಸಿ, ಮುಂದಿನ ಗಾಜನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೋ ಇದು, ಒಳಗೆ ಫೋಟೋ ಅಂಟಿಸಿದ್ದೀಯಾ?" ಅಂದರು. ಎಪ್ಪತ್ತು ದಾಟಿದ ಕೈ ಅದು, ಕಾಫಿ ಲೋಟ ಹಿಡಿದರೂ ನಡುಗುತ್ತದೆ. ಅದೇ ಕೈಯಲ್ಲಿ ಹುಣಸೆಮರದ ತುದಿಯ ಹೆಜ್ಜಾರ್ಲೆ ಗೂಡು ಅಲುಗದೆ ನಿಂತಿತ್ತು. ಮರಿ ತಲೆಯನ್ನ ಪೂರ್ತಿ ತಾಯಿಯ ಗಂಟಲ ಚೀಲದೊಳಗೆ ತೂರಿಸಿ ಮೀನು ಹುಡುಕುತ್ತಿತ್ತು, ಅದರ ಕೊಕ್ಕು ಒಳಗಡೆ ಆಡೋದು ಚೀಲದ ಹೊರಗಿಂದಲೇ ಗೊತ್ತಾಗುತ್ತಿತ್ತು.

ಇಷ್ಟು ಓದಿ, ಅಲುಗಾಟ ತಡೆಯುವ ಬಟನ್ ಒತ್ತಿದರೆ ಎಲ್ಲಾ ಆಯ್ತು ಅಂದುಕೊಳ್ಳಬೇಡಿ. ಮೊದಲ ಎರಡು ತಿಂಗಳು ನಾನೂ ಹಾಗೇ ಅಂದುಕೊಂಡಿದ್ದೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು, ಬಟನ್ ಒತ್ತಿ ಹಿಡಿದುಕೊಂಡೇ ಆ ಕಡೆ ಈ ಕಡೆ ತಿರುಗಿಸಿ, ತಲೆ ಸುತ್ತು ಬರಿಸಿಕೊಂಡು ಮನೆಗೆ ಬರುತ್ತಿದ್ದೆ. ಬಟನ್ ಒತ್ತೋದು ಕೊನೇ ಕೆಲಸ. ಅದಕ್ಕೆ ಮುಂಚಿನ ಕೆಲಸಗಳನ್ನ ಯಾರೂ ಹೇಳಿಕೊಡುವುದಿಲ್ಲ.

ಮೊದಲು ಒಳಗೇನಿದೆ ಅಂತ ಚೂರು ತಿಳಿದುಕೊಳ್ಳಿ. ಬೈನಾಕ್ಯುಲರ್ ಮೇಲೆ 15x50 ಅಂತ ಇದ್ದರೆ 15 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್. ಆದರೆ ಹಕ್ಕಿ 15 ಪಟ್ಟು ಆದರೆ ನಿಮ್ಮ ಕೈ ನಡುಕವೂ 15 ಪಟ್ಟು ಆಗುತ್ತದೆ ಅಲ್ವಾ? ಅದಕ್ಕೇ ಸಾಮಾನ್ಯ ಬೈನಾಕ್ಯುಲರ್ 8 ಅಥವಾ 10 ಪಟ್ಟಿಗೆ ನಿಲ್ಲುವುದು. ಅಲುಗಾಟ ತಡೆಯುವ ಮಾದರಿಗಳಲ್ಲಿ ನಡುಕವನ್ನು ಅಳೆಯುವ ಪುಟ್ಟ ಸೆನ್ಸರ್‌ಗಳಿರುತ್ತವೆ. ಕ್ಯಾನನ್‌ನ 15x50 ತರದವುಗಳಲ್ಲಿ ಎರಡು ಗಾಜಿನ ತಟ್ಟೆ, ನಡುವೆ ಎಣ್ಣೆಯಂಥ ದ್ರವ, ಸುತ್ತ ಬಗ್ಗುವ ಚೀಲ. ಕೈ ಮೇಲಕ್ಕೆ ಹೋದ ತಕ್ಷಣ ಆ ತಟ್ಟೆ ಓರೆಯಾಗಿ ಬೆಳಕನ್ನ ವಾಪಸ್ ಅದೇ ಜಾಗಕ್ಕೆ ಬಗ್ಗಿಸುತ್ತದೆ. ಫ್ಯೂಜಿನಾನ್‌ನವರದು ಬೇರೆ ದಾರಿ, ಒಳಗೆ ಬೆಳಕು ತಿರುಗಿಸುವ ಗಾಜಿನ ತುಂಡನ್ನೇ, ಅಂದರೆ ಪ್ರಿಸಮ್ಮನ್ನೇ, ಎಲ್ಲ ಕಡೆಗೂ ಓಲಾಡುವ ತೂಗುಚೌಕಟ್ಟಿನಲ್ಲಿ ಇಟ್ಟಿರುತ್ತಾರೆ. ಮೊದಲನೆಯದು ತಡೆಯುವುದು 1 ಡಿಗ್ರಿಗಿಂತ ಕಡಿಮೆ ಅಲುಗಾಟ, ಎರಡನೆಯದು ಮಾದರಿ ನೋಡಿಕೊಂಡು 3ರಿಂದ 6 ಡಿಗ್ರಿವರೆಗೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ದೋಣಿ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಕಣ್ಣಿಗೆ ಹೊಂದಿಸೋದು. ಇದನ್ನ ಮನೆ ಮಹಡಿ ಮೇಲೇ ಮಾಡಿ, ಕೆರೆ ಹತ್ತಿರ ಅಲ್ಲ. ದೂರದ ಒಂದು ಅಂಗಡಿ ಬೋರ್ಡು ಹಿಡಿಯಿರಿ. ಎರಡೂ ಕಣ್ಣಿನ ಚಿತ್ರ ಸೇರಿ ಒಂದೇ ವೃತ್ತ ಆಗುವ ತನಕ ಐಪೀಸ್‌ಗಳ, ಅಂದರೆ ಕಣ್ಣಿಡುವ ಗಾಜುಗಳ ನಡುವಿನ ಅಂತರ ಸರಿಮಾಡಿ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಬೋರ್ಡಿನ ಅಕ್ಷರ ಚೊಕ್ಕವಾಗಿ ಕಾಣುವವರೆಗೆ ನಡುವಿನ ಫೋಕಸ್ ಚಕ್ರ ತಿರುಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಫೋಕಸ್ ಮಾತ್ರ ಸರಿಮಾಡುವ ಬಲಗಡೆಯ ಡಯಾಪ್ಟರ್ ಉಂಗುರ ಮಾತ್ರ ತಿರುಗಿಸಿ. ಅದು ನಿಂತ ಗೆರೆ ನೆನಪಿಟ್ಟುಕೊಳ್ಳಿ, ಯಾಕೆಂದರೆ ಮನೆಗೆ ಬಂದ ಮಕ್ಕಳು ಮೊದಲು ತಿರುಗಿಸೋದೇ ಅದನ್ನ. ಕನ್ನಡಕ ಇರುವವರು ಕಣ್ಣಿಡುವ ಕಡೆಯ ರಬ್ಬರ್ ಅಂಚು (ಐಕಪ್) ಮಡಚಿ ನೋಡಿ, ಇಲ್ಲದಿದ್ದರೆ ಚಿತ್ರದ ಸುತ್ತ ಕಪ್ಪು ಕಟ್ಟುತ್ತದೆ.

ಹಕ್ಕಿ ಹುಡುಕೋದೇ ನಿಜವಾದ ಕಷ್ಟ. 15 ಪಟ್ಟಿನದರಲ್ಲಿ ನೋಟದ ಅಗಲ ಸುಮಾರು 4.5 ಡಿಗ್ರಿ, ಅಂದರೆ 100 ಮೀಟರ್ ದೂರದಲ್ಲಿ 8 ಮೀಟರ್ ಜಾಗ ಅಷ್ಟೇ. ಸಾಮಾನ್ಯ 8 ಪಟ್ಟಿನದರಲ್ಲಿ ಹೆಚ್ಚು ಕಡಿಮೆ 14 ಮೀಟರ್ ಸಿಗುತ್ತದೆ. ಕೆಳಗೆ ನೋಡಿ ಬೈನಾಕ್ಯುಲರ್ ಎತ್ತಿಕೊಂಡು ಆಮೇಲೆ ಹಕ್ಕಿ ಹುಡುಕಿದರೆ ಬರೀ ನೀರು ಕಾಣುತ್ತದೆ. ಬರಿಗಣ್ಣಲ್ಲಿ ಹಕ್ಕಿ ಹಿಡಿಯಿರಿ, ಅದರ ಮೇಲಿಂದ ಕಣ್ಣು ಕೀಳಬೇಡಿ, ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಜೊತೆಗೆ ಒಂದು ಗುರುತು ಇಟ್ಟುಕೊಳ್ಳಿ, ಒಣಗಿದ ಕೊಂಬೆಯೋ ಬಿಳಿ ಬಂಡೆಯೋ. ಮೊದಲು ಅದು ಸಿಗಲಿ, ಅಲ್ಲಿಂದ ಹಕ್ಕಿಗೆ ಸರಿಯಿರಿ. ಫೋಕಸ್ ಮಾಡಿ. ಉಸಿರು ಅರ್ಧ ಬಿಡಿ. ಈಗ ಬಟನ್.

ಒತ್ತಿದ ಕ್ಷಣ ಚಿತ್ರ ಒಂದು ಸಲ ಜಗ್ಗಿದಂತಾಗಿ ನಿಂತುಬಿಡುತ್ತದೆ. ಕೆರೆ ಅಂಚಿನಲ್ಲಿ ಕೂತ ಮಿಂಚುಳ್ಳಿ ಅಲ್ಲಿವರೆಗೆ ಒಂದು ನೀಲಿ ಕಲೆ, ಈಗ ಅದರ ಕೊಕ್ಕಿನ ತುದಿಯಿಂದ ನೀರು ತೊಟ್ಟಿಕ್ಕೋದು ಕಾಣುತ್ತದೆ. ಚಿತ್ರ ಪೂರ್ತಿ ಕಲ್ಲಾಗಿ ನಿಲ್ಲುವುದಿಲ್ಲ, ನೀರಿನ ಮೇಲಿನ ಎಲೆ ಹಾಗೆ ನಿಧಾನವಾಗಿ ತೇಲುತ್ತದೆ. ಅದು ದೋಷ ಅಲ್ಲ. ಹಕ್ಕಿ ಹಾರಿತು ಅಂದರೆ ತಕ್ಷಣ ಬಟನ್ ಬಿಡಿ. ನೀವು ಬೇಕೆಂದೇ ತಿರುಗಿಸಿದ್ದನ್ನೂ ಅದು ಮೊದಲು ನಡುಕ ಅಂತಲೇ ತಿಳಿದು ತಡೆಯಲು ನೋಡುತ್ತದೆ, ಚಿತ್ರ ಹಿಂದೆ ಉಳಿದು ಆಮೇಲೆ ಎಗರುತ್ತದೆ. ನನಗೆ ತಲೆ ಸುತ್ತು ಬರುತ್ತಿದ್ದದ್ದು ಇದರಿಂದಲೇ. ಟ್ರೈಪಾಡ್ ಮೇಲೆ ಇಟ್ಟಾಗಲೂ ಆಫ್ ಮಾಡಿ, ಅಲ್ಲಿ ಅದಕ್ಕೆ ಕೆಲಸ ಇಲ್ಲ.

ಬಟನ್ ಇದೆ ಅಂತ ಸುಮ್ನೆ ಹೇಗೆ ಬೇಕಾದರೂ ನಿಂತುಕೊಂಡರೆ ನಡೆಯುವುದಿಲ್ಲ. 15x50 ಸುಮಾರು 1.2 ಕೆ.ಜಿ. ತೂಗುತ್ತದೆ, ಐದು ನಿಮಿಷಕ್ಕೆ ಭುಜ ನೋಯಲು ಶುರು. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ, ಮರಕ್ಕೋ ಗೋಡೆಗೋ ಬೆನ್ನು ಕೊಡಿ. ಕೂತರೆ ಮೊಣಕೈ ಮೊಣಕಾಲ ಮೇಲೆ. ಕತ್ತಿಗೆ ತೆಳ್ಳಗಿನ ಪಟ್ಟಿ ಬೇಡ, ಹೆಗಲ ಮೇಲೆ ಬರುವ ಅಗಲದ ಪಟ್ಟಿ ಹಾಕಿಸಿಕೊಳ್ಳಿ.

ರಂಗನತಿಟ್ಟಿನ ದೋಣಿಯಲ್ಲಿ ನನ್ನ 15 ಪಟ್ಟಿನದು ಬಹುಪಾಲು ಚೀಲದೊಳಗೇ ಇರುತ್ತದೆ. ದೋಣಿಯ ಓಲಾಟ ದೊಡ್ಡದು, 1 ಡಿಗ್ರಿ ಒಳಗಿನ ಮಾದರಿ ಅಲ್ಲಿ ಸೋಲುತ್ತದೆ, ತೂಗುಚೌಕಟ್ಟಿನದಾದರೆ ಗೆಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ದೋಣಿಯವರು ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಪಕ್ಕಕ್ಕೇ ಒಯ್ಯುತ್ತಾರೆ. ನನ್ನದು 6 ಮೀಟರ್‌ಗಿಂತ ಹತ್ತಿರ ಫೋಕಸ್ಸೇ ಆಗುವುದಿಲ್ಲ! ಅಲ್ಲಿಗೆ 8 ಪಟ್ಟಿನ ಹಳೇ ಬೈನಾಕ್ಯುಲರ್ ಸಾಕು. ಇದರ ಬೆಲೆ ತೀರುವುದು ನಂಜನಗೂಡು ಕಡೆಯ ಹದಿನಾರು ಅನ್ನೋ ಊರಿನ ಕೆರೆಯಂಥ ಬಯಲು ನೀರಿನಲ್ಲಿ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಹತ್ತಿರ ಹೋದರೆ ಎದ್ದು ಹೋಗುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕಡೆ ಸಿಕ್ಕಿದ್ದುಂಟು. ಆ ಪಟ್ಟಿಯ ಮೇಲಿನ ಅಕ್ಷರ, ಅಂಕಿಯನ್ನ ದಡದಿಂದಲೇ ಓದಬೇಕೆಂದರೆ ಚಿತ್ರ ನಿಲ್ಲಲೇಬೇಕು.

ಬಿಸಿಲಿನ ಮುಂದೆ ಮಾತ್ರ ಯಾವ ಬಟನ್ನೂ ನಡೆಯಲ್ಲ. ಚಾಮುಂಡಿ ಬೆಟ್ಟದಿಂದ ಬೆಳಿಗ್ಗೆ ಏಳಕ್ಕೆ ಫಿಲೋಮಿನಾ ಚರ್ಚಿನ ಎರಡೂ ಗೋಪುರ ಕೊರೆದಿಟ್ಟಂತೆ ಕಾಣುತ್ತವೆ, ಹನ್ನೆರಡಕ್ಕೆ ಅವೇ ಗೋಪುರ ನೀರಿನೊಳಗಿದ್ದಂತೆ ಕುಣಿಯುತ್ತವೆ. ಅದು ಕಾದ ಗಾಳಿಯ ಕುಣಿತ, ನಿಮ್ಮ ಕೈದಲ್ಲ. ಸಂಜೆ ಕತ್ತಲಾಗುವಾಗಲೂ ಕಷ್ಟ. 50ನ್ನು 15ರಿಂದ ಭಾಗಿಸಿ, 3.3 ಮಿಲಿಮೀಟರ್. ಕಣ್ಣಿಗೆ ಬರುವ ಬೆಳಕಿನ ಕಂಬ ಅಷ್ಟೇ ಸಣ್ಣದು, ಹಾಗಾಗಿ ಮಬ್ಬು. ಮುಸ್ಸಂಜೆ ನೋಡೋದೇ ಜಾಸ್ತಿ ಆದರೆ 10x42 ತಗೊಳ್ಳಿ.

ರಾತ್ರಿ ನಕ್ಷತ್ರಕ್ಕೆ ಮಾತ್ರ 15 ಪಟ್ಟೇ ಚೆನ್ನ. ಗುರು ಗ್ರಹದ ನಾಲ್ಕು ದೊಡ್ಡ ಚಂದ್ರರು ಸಾಲಾಗಿ ಚುಕ್ಕಿ ಇಟ್ಟಂತೆ ನಿಲ್ಲುತ್ತಾರೆ, ಕೆಲವು ದಿನ ಒಂದೋ ಎರಡೋ ಗುರುವಿನ ಹಿಂದೆ ಮುಂದೆ ಇದ್ದು ಕಾಣಿಸಲ್ಲ. ಮದುವೆಯಲ್ಲಿ ಪುರೋಹಿತರು ಹಗಲಲ್ಲೇ ಅರುಂಧತಿ ತೋರಿಸುತ್ತಾರಲ್ಲ, ನಾವೂ ತಲೆಯಾಡಿಸಿ ಬಂದಿರುತ್ತೇವಲ್ಲ, ಅದನ್ನ ಏಪ್ರಿಲ್, ಮೇ ತಿಂಗಳ ರಾತ್ರಿ ಉತ್ತರಕ್ಕೆ ತಿರುಗಿ ನಿಜವಾಗಿ ನೋಡಿ. ಸಪ್ತರ್ಷಿ ಮಂಡಲದ ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಪಕ್ಕದ ಮಂಕು ಚುಕ್ಕಿ ಅರುಂಧತಿ. ಈಗ ಬಟನ್ ಒತ್ತಿ ಕಾಯಿರಿ. ವಸಿಷ್ಠನೇ ಎರಡಾಗಿ ಬಿಡಿಸಿಕೊಳ್ಳುತ್ತಾನೆ, ತೀರಾ ಒತ್ತಾಗಿ. ಕೈ ಅಲುಗಿದರೆ ಇದು ಕಾಣಲ್ಲ, ಹಾಗಾಗಿ ನಿಮ್ಮ ಬೈನಾಕ್ಯುಲರ್‌ಗೂ ಇದೇ ಒಳ್ಳೆ ಪರೀಕ್ಷೆ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ, ಮುಳುಗುವ ಸೂರ್ಯ ಆದರೂ ಸರಿ. ಕಣ್ಣು ಹೋಗುತ್ತದೆ.

ನನ್ನದಕ್ಕೆ ಬ್ಯಾಟರಿ ಎರಡು, ಗೋಡೆ ಗಡಿಯಾರಕ್ಕೆ ಹಾಕುವ ಅದೇ ಡಬಲ್ ಎ. ಜೇಬಲ್ಲಿ ಇನ್ನೊಂದು ಜೊತೆ ಇರಲಿ. ವಾರಗಟ್ಟಲೆ ಬಳಸದಿದ್ದರೆ ತೆಗೆದಿಡಿ. ಒಂದು ಮಳೆಗಾಲ ನಾನು ಮರೆತೆ, ಬ್ಯಾಟರಿ ಸೋರಿ ತಗಡಿನ ಕೊಂಡಿಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ವಿನೆಗರ್ ಅದ್ದಿದ ಕಿವಿ ಕಡ್ಡಿಯಲ್ಲಿ ಅರ್ಧ ದಿನ ಉಜ್ಜಿ ಬದುಕಿಸಿಕೊಂಡೆ. ಗಾಜಿಗೆ ಮೊದಲು ಗಾಳಿ ಊದುವ ರಬ್ಬರ್ ಬುರುಡೆ, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಬೇಕಾದರೆ ಬಟ್ಟೆ. ಶರ್ಟಿನ ತುದಿಯಲ್ಲಿ ಒರೆಸಿದರೆ ಧೂಳೇ ಗೀರು ಹಾಕುತ್ತದೆ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುವ ಭಯ ಇದೆ, ಹಾಗಾಗಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಯಾರೋ ಹೇಳಿದರು ಅಂತ ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಅಕ್ಕಿಯ ಹಿಟ್ಟು ಫೋಕಸ್ ಚಕ್ರದ ಸಂದಿಗೆ ಹೋಗಿ ಕೂರುತ್ತದೆ.