ಹಳೇ ನಾಣ್ಯಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ: ಮೊದಲು ಲೆಕ್ಕ ಹಾಕಿ, ಆಮೇಲೆ ಕತೆ ಕೇಳಿ

ಜಾತ್ರೆಯಲ್ಲಿ ಚೀಲ ಹಾಸಿ ಕೂತವರಿರಲಿ, ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೊ ಹಾಕುವವರಿರಲಿ, ಹಳೇ ನಾಣ್ಯ ಮಾರುವವರು ಮೊದಲು ಹೇಳುವುದು ಬೆಲೆಯಲ್ಲ, ಕತೆ. "ನೋಡ್ರಿ ಸರ್, ನಮ್ಮ ಮುತ್ತಜ್ಜನ ಪೆಟ್ಟಿಗೆಯಲ್ಲಿತ್ತು, ಇನ್ನೆಲ್ಲೂ ಸಿಗಲ್ಲ." ಆ ಕತೆ ನಿಜವೇ ಇರಬಹುದು. ಆದರೆ ಅದರಿಂದ ನಾಣ್ಯದ ಬೆಲೆ ಏರುವುದಿಲ್ಲ. ಆಸೆಯಿಂದ ಶುರು ಮಾಡಿದ ಹುಡುಗರು ಎರಡು ಸಲ ಮೋಸಹೋಗಿ ಈ ಹವ್ಯಾಸವನ್ನೇ ಬಿಟ್ಟುಬಿಡುತ್ತಾರೆ. ನನಗೆ ಅದೇ ಸಂಕಟ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಜಾಸ್ತಿ ಓಡಾಡುವುದು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. ಇದರ ಲೆಕ್ಕ ಸುಲಭ. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. 1939ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಶೇ 91.7, ಅಂದರೆ ಅಪ್ಪಟ ಬೆಳ್ಳಿ ಸುಮಾರು 10.7 ಗ್ರಾಂ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ ಬೆಳ್ಳಿ, ಸುಮಾರು 5.8 ಗ್ರಾಂ. 1946 ಮತ್ತು 1947ರ ರೂಪಾಯಿ ನಿಕ್ಕಲ್‌ದು, ಅದರಲ್ಲಿ ಬೆಳ್ಳಿಯೇ ಇಲ್ಲ, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಈಗ ಆ ದಿನದ ಬೆಳ್ಳಿ ರೇಟಿನಿಂದ ಗುಣಿಸಿ. ಲೆಕ್ಕಕ್ಕೆ ಗ್ರಾಂಗೆ 100 ರೂಪಾಯಿ ಅಂತ ಇಟ್ಟುಕೊಂಡರೆ ಹಳೇದಕ್ಕೆ 1,070, ನಲವತ್ತರ ದಶಕದ್ದಕ್ಕೆ 580. ಸಾಮಾನ್ಯ ಇಸವಿಯ, ಕೈಯಲ್ಲಿ ಓಡಾಡಿ ಸವೆದ ನಾಣ್ಯಕ್ಕೆ ಇದರ ಮೇಲೆ ತುಸು ಜಾಸ್ತಿ ಕೊಡಬಹುದು. ಮಾರುವವರು ಇದರ ಮೂರು ಪಟ್ಟು ಕೇಳಿದರೆ "ಯಾಕೆ?" ಅಂತ ಕೇಳಿ. ಇಸವಿ, ಟಂಕಸಾಲೆ (ನಾಣ್ಯ ಅಚ್ಚು ಹಾಕಿದ ಜಾಗ) ಗುರುತು, ನಾಣ್ಯದ ಸ್ಥಿತಿ, ಈ ಮೂರರಲ್ಲಿ ಒಂದು ಉತ್ತರ ಬರಬೇಕು. ಬರದಿದ್ದರೆ ಬೆಳ್ಳಿ ಬೆಲೆಗಿಂತ ಮೇಲಕ್ಕೆ ಹೋಗಬೇಡಿ.

ಹಳೇದು ಅಂದಮಾತ್ರಕ್ಕೆ ಅಪರೂಪ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ನೋಡಿ. ಅದೇ ಇಸವಿ ಹಾಕಿ 1874ರವರೆಗೂ ಅಚ್ಚು ಹೊಡೆದರು, ಹಾಗಾಗಿ ಎಲ್ಲಿ ನೋಡಿದರೂ ಸಿಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿನ 1917, 1918ರ ಐದನೇ ಜಾರ್ಜ್ ರೂಪಾಯಿಗಳೂ ಕೋಟಿಗಟ್ಟಲೆ ಬಂದವು. ಇವನ್ನು "ನೂರು ವರ್ಷದ ಹಿಂದಿನದು" ಅಂತ ಹತ್ತು ಸಾವಿರಕ್ಕೆ ಕೂಗುತ್ತಾರೆ. ನಿಜವಾಗಿ ಅಪರೂಪದ್ದು 1939ರ ರೂಪಾಯಿ. ಅದಕ್ಕೆ ಬೆಲೆ ಜಾಸ್ತಿ, ಅದಕ್ಕೇ ನಕಲಿಯೂ ಜಾಸ್ತಿ. 1938ರ ಕೊನೆಯ ಅಂಕಿಯನ್ನು ತಿದ್ದಿ 9 ಮಾಡಿರುತ್ತಾರೆ. ಭೂತಗನ್ನಡಿ ಇಲ್ಲದೆ, ನಾಣ್ಯ ಬಲ್ಲ ಇನ್ನೊಬ್ಬರಿಗೆ ತೋರಿಸದೆ ಅದನ್ನು ಯಾವತ್ತೂ ಕೊಳ್ಳಬೇಡಿ.

ರಾಮ, ಹನುಮಂತ ಇರುವ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತ ಬರುತ್ತಲ್ಲ, 1818 ಅಂತ ಇಸವಿ ಹಾಕಿರುತ್ತಾರೆ. ಕಂಪನಿ ಅಂಥ ನಾಣ್ಯ ಅಚ್ಚು ಹಾಕಲೇ ಇಲ್ಲ. ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ, ಅದೃಷ್ಟ ತರುತ್ತದೆ ಅಂತ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ದೇವರ ಚಿತ್ರ ಅಂತ ಭಕ್ತಿಗೆ ಇಟ್ಟುಕೊಳ್ಳುವುದು ಬೇರೆ ಮಾತು, ಸಂಗ್ರಹದ ನಾಣ್ಯ ಅಂತ ದುಡ್ಡು ಕೊಡಬೇಡಿ.

ಚಿತ್ರದುರ್ಗದಲ್ಲಿ ಇನ್ನೊಂದು ತೊಂದರೆ ಇದೆ. ಇಲ್ಲಿ ಕತೆ ಕಟ್ಟುವುದು ಸುಲಭ, ಯಾಕೆಂದರೆ ಅರ್ಧ ಕತೆ ನಿಜ. ಊರ ಪಕ್ಕದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಉತ್ಖನನ ಮಾಡಿದ್ದರು. ಅಲ್ಲಿ ಶಾತವಾಹನರ ನಾಣ್ಯ ಸಿಕ್ಕಿವೆ, ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಹಾಗಂತ ಯಾರೋ ಜೇಬಿನಿಂದ ತೆಗೆದು "ಚಂದ್ರವಳ್ಳಿ ಕೆರೆ ಹತ್ತಿರ ಸಿಕ್ಕಿದ್ದು" ಅಂದರೆ ಎರಡೇ ಸಾಧ್ಯತೆ. ಒಂದು, ಅದು ಎರಕ ಹೊಯ್ದ ನಕಲಿ. ಇನ್ನೊಂದು, ನಿಜವಾಗಿಯೂ ನೆಲದಿಂದ ತೆಗೆದದ್ದು. ಹಾಗಿದ್ದರೆ 1878ರ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು, ಸುಮ್ನೆ ಮಾರುವಂತಿಲ್ಲ. ಎರಡರಲ್ಲಿ ಯಾವುದಾದರೂ ನಿಮಗೆ ಬೇಡ. ಟಿಪ್ಪುವಿನ ಆನೆ ನಾಣ್ಯದಲ್ಲೂ ಇದೇ ಆಟ. ಟಿಪ್ಪು ಕಾಲದಲ್ಲಿ ದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಅಂತ ಹೆಸರಿತ್ತು, ಇಲ್ಲೂ ಟಂಕಸಾಲೆ ಇತ್ತು. "ನಮ್ಮ ಕೋಟೆ ನಾಣ್ಯ" ಅಂತ ಎರಡು ಪಟ್ಟು ಕೇಳಿದರೆ, ಆನೆಯ ಹಿಂಬದಿಯಲ್ಲಿ ಫಾರ್ಸಿಯಲ್ಲಿರುವ ಟಂಕಸಾಲೆ ಹೆಸರನ್ನು ಓದಬಲ್ಲವರಿಂದ ಓದಿಸಿ. ಶ್ರೀರಂಗಪಟ್ಟಣದ್ದು ಪಟ್ಟಣ್ ಅಂತ ಇರುತ್ತದೆ, ಅದೇ ಜಾಸ್ತಿ ಸಿಗುವುದು.

ಸ್ಥಿತಿಯ ವಿಷಯಕ್ಕೆ ಬಂದರೆ, ಫಳಫಳ ಅನ್ನುವ ಹಳೇ ನಾಣ್ಯ ಕಂಡರೆ ಹುಷಾರಾಗಿ. ಹುಣಸೆಹಣ್ಣು, ಪೌಡರ್ ಹಾಕಿ ತಿಕ್ಕಿದ ನಾಣ್ಯಕ್ಕೆ ಬೆಲೆ ಇಳಿಯುತ್ತದೆ, ಏರುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಸಣ್ಣ ಗೀರುಗಳು ಕಾಣುತ್ತವೆ. ಎರಕದ ನಕಲಿಯಲ್ಲಿ ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಕ್ಷರದ ಅಂಚು ಮೊಂಡಾಗಿರುತ್ತದೆ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಒಂದು ಕೊಂಡಿಟ್ಟುಕೊಳ್ಳಿ. ಇಲ್ಲದಿದ್ದರೆ ಪರಿಚಯದ ಚಿನಿವಾರರ ಹತ್ತಿರ ತೂಗಿಸಿಕೊಂಡು ಬನ್ನಿ.

ಬೆಲೆ ಹುಡುಕುವಾಗ ಒಂದು ತಪ್ಪನ್ನು ತುಂಬಾ ಜನ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ಯಾರೋ 2 ಲಕ್ಷ ಅಂತ ಹಾಕಿದ್ದನ್ನು ನೋಡಿ ಅದೇ ರೇಟು ಅಂದುಕೊಳ್ಳುತ್ತಾರೆ. ಅದು ಕೇಳುವ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ ಅಲ್ವಾ? ಹರಾಜು ಮನೆಗಳು ಮಾರಾಟವಾದ ಬೆಲೆಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕುತ್ತವೆ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತು ಅಂತ ಎರಡು ಮೂರು ಕಡೆ ನೋಡಿ. ಒಂದೇ ಹರಾಜಿನ ದೊಡ್ಡ ಬೆಲೆಯನ್ನು ನಂಬಬೇಡಿ, ಇಬ್ಬರು ಹಟಕ್ಕೆ ಬಿದ್ದರೆ ಏನೂ ಆಗಬಹುದು.

ಹೊಸ ಸ್ಮರಣಾರ್ಥ ನಾಣ್ಯಗಳನ್ನು ಟಂಕಸಾಲೆ ನಡೆಸುವ ಕೇಂದ್ರದ ಎಸ್‌ಪಿಎಂಸಿಐಎಲ್ ಸಂಸ್ಥೆಯೇ ನೇರವಾಗಿ ಮಾರುತ್ತದೆ. ಮೊದಲು ಅಲ್ಲಿನ ಬೆಲೆ ನೋಡಿ, ಆಮೇಲೆ ಬೇರೆಯವರ ಹತ್ತಿರ ಮಾತಾಡಿ. ವೈಷ್ಣೋದೇವಿ ಚಿತ್ರದ 5, 10 ರೂಪಾಯಿ ನಾಣ್ಯಕ್ಕೆ ಲಕ್ಷ ಬರುತ್ತದೆ ಅನ್ನುವುದು ಬರೀ ಗಾಳಿಮಾತು. "ನಿಮ್ಮ ನಾಣ್ಯ ನಾವು ಕೊಳ್ಳುತ್ತೇವೆ, ರಿಸರ್ವ್ ಬ್ಯಾಂಕ್ ಶುಲ್ಕ ಮೊದಲು ಕಟ್ಟಿ" ಅಂತ ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊಳ್ಳುವ ಹೊತ್ತಿಗೆ ನಿಮ್ಮ ಕೊನೆಯ ಬೆಲೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಚೌಕಾಸಿ ಮಾಡಲು ನಾಚಿಕೊಳ್ಳಬೇಡಿ. "ಸಂಜೆ ಇನ್ನೊಬ್ಬರು ಬರ್ತಾರೆ, ಈಗಲೇ ತಗೊಳ್ರಿ" ಅಂದರೆ ಅವರಿಗೇ ಕೊಡಲಿ ಅಂತ ಎದ್ದು ಬನ್ನಿ. ವ್ಯವಹಾರ ಕುದುರಿದರೆ ಇಸವಿ, ಲೋಹ, ತೂಕ ಬರೆದ ರಸೀದಿ ಕೇಳಿ, ನಕಲಿ ಅಂತ ಗೊತ್ತಾದರೆ ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತಾರೆ ಅನ್ನುವುದನ್ನೂ ಅದರಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ದುಡ್ಡು ಜೇಬಿನಿಂದ ತೆಗೆಯಬೇಡಿ.