ಸಣ್ಣ ವಿಂಡ್‌ಮಿಲ್ ಹಾಕುವವರು ಮೊದಲು ಕಂಬದ ಲೆಕ್ಕ ಹಾಕಿ

ಪಡುಬಿದ್ರಿ, ಮಲ್ಪೆ ಬದಿಯಲ್ಲಿ ಮನೆಗೆ ಸಣ್ಣ ವಿಂಡ್‌ಮಿಲ್ ಹಾಕ್ಬೇಕು ಅಂತ ಇರುವವರು ಟರ್ಬೈನಿಗೇ ಎಲ್ಲ ದುಡ್ಡು ಹಾಕಿ ಕಂಬದಲ್ಲಿ ಉಳಿಸ್ಲಿಕ್ಕೆ ಹೋಗ್ಬೇಡಿ ಮಾರ್ರೆ. ಗಾಳಿ ವೇಗ 2 ಪಟ್ಟಾದ್ರೆ ಅದರ ಪವರ್ 8 ಪಟ್ಟು ಆಗ್ತದೆ, ನಮ್ಮಲ್ಲಿ ತೆಂಗಿನ ಮರವೇ 50-60 ಅಡಿ ಇರುವಾಗ ಅದರ ಮರೆಯಲ್ಲಿ ರೆಕ್ಕೆ ತಿರುಗಿ ಎಂತ ಪ್ರಯೋಜನ? ಟೆರೇಸ್ ಮೇಲೆ ಬೇಡವೇ ಬೇಡ, ಅದುರುವುದು ಇಡೀ ಮನೆಗೆ ಕೇಳ್ತದೆ.

ಕಡಿಮೆ ಖರ್ಚಿಗೆ ಗಟ್ಟಿ ಅಂದ್ರೆ ಜಿಐ ಪೈಪಿನ ಕಂಬ, ನಾಲ್ಕು ದಿಕ್ಕಿಗೆ ಸ್ಟೀಲ್ ರೋಪ್ ಎಳೆದು ಕಟ್ಟುವುದು. ರೋಪಿನ ಆಂಕರ್, ಅಂದ್ರೆ ನೆಲದಲ್ಲಿ ರೋಪ್ ಕಟ್ಟುವ ಜಾಗ, ಬುಡದಿಂದ ಕಂಬದ ಎತ್ತರದ ಅರ್ಧದಷ್ಟಾದರೂ ದೂರ ಇರ್ಲಿ, ಹತ್ತಿರ ಬಂದಷ್ಟು ರೋಪಿಗೂ ಕಂಬಕ್ಕೂ ಭಾರ ಜಾಸ್ತಿ. ಬುಡಕ್ಕೆ ಹಿಂಜ್ ಇಟ್ರೆ ಕಂಬವನ್ನೇ ಮಲಗಿಸಿ ರಿಪೇರಿ ಮಾಡ್ಬಹುದು, ಮೇಲೆ ಹತ್ತುವ ಕಷ್ಟ ಇಲ್ಲ, ಆದ್ರೆ ಎರಡು ಪಕ್ಕದ ಆಂಕರು ಹಿಂಜಿನ ಗೆರೆಯಲ್ಲೇ ಅದರ ಲೆವೆಲ್ಲಿಗೇ ಬರ್ಬೇಕು, ಇಲ್ಲದಿದ್ರೆ ಎತ್ತುವಾಗ ಒಂದು ರೋಪ್ ಬಿಗಿಯಾಗಿ ಇನ್ನೊಂದು ಸಡಿಲ ಆಗಿ ಕಂಬ ವಾಲ್ತದೆ. ಎತ್ತುವಾಗ ಕೆಳಗೆ ಯಾರನ್ನೂ ನಿಲ್ಲಿಸ್ಬೇಡಿ ದಯವಿಟ್ಟು.

ರೋಪ್ ಕ್ಲಾಂಪಿನ ಯು-ಬೋಲ್ಟ್ ರೋಪಿನ ಮಡಚಿದ ತುದಿ ಬದಿಗೆ ಬರ್ಬೇಕು, ಭಾರ ಹೊರುವ ಬದಿಗಲ್ಲ, ಇದನ್ನು ತುಂಬಾ ಜನ ಉಲ್ಟಾ ಹಾಕ್ತಾರೆ.

ಕಡಲಿನ ಉಪ್ಪುಗಾಳಿಗೆ ಬರೀ ಪೇಂಟ್ ನಿಲ್ಲುವುದಿಲ್ಲ, ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿಸಿದ ಝಿಂಕಲ್ಲಿ ಮುಳುಗಿಸಿ ತೆಗೆಯುವುದು) ಮಾಡಿದ್ದೇ ತಗೊಳ್ಳಿ, ವೆಲ್ಡಿಂಗ್ ಮಾಡಿದಲ್ಲಿ ಝಿಂಕ್ ಪೇಂಟ್ ಹೊಡೀರಿ. ಸಿಡಿಲಿಗೆ ಅರ್ಥಿಂಗ್ ಬೇಕೇ ಬೇಕು. ಹೊಯ್ಗೆ ಜಾಗದಲ್ಲಿ ಆಂಕರಿನ ಕಾಂಕ್ರೀಟ್ ಎಷ್ಟು ದೊಡ್ಡದು ಬೇಕು ಅಂತ ಇಂಜಿನಿಯರ್ ಹತ್ರ ಕೇಳಿಯೇ ಹಾಕಿ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಎಲ್ಲ ರೋಪಿನ ಬಿಗಿ ಒಮ್ಮೆ ನೋಡಿ.