ಕನ್ಸೋಲ್ ಪ್ರೋಗ್ರಾಮಿನಲ್ಲಿ ಅಕ್ಷರಗಳಿಗೆ ಬಣ್ಣ ಕೊಟ್ಟ ನನ್ನ ಅನುಭವ

ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ರಾತ್ರಿ ನಡೆಯುವ ಬ್ಯಾಕಪ್‌ಗಳ ಲಾಗ್ ಕಡತಗಳನ್ನು ಓದಿ, ಯಾವುದು ಸರಿಯಾಗಿ ಮುಗಿದಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಬೆಳಿಗ್ಗೆ ಪಟ್ಟಿ ಮಾಡಿ ತೋರಿಸುವ ಸಣ್ಣದೊಂದು ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದುಕೊಂಡಿದ್ದೇನೆ. ಸಾಲುಗಳೆಲ್ಲ ಒಂದೇ ಬಣ್ಣದಲ್ಲಿ ಉರುಳಿಹೋಗುವಾಗ ವಿಫಲವಾದ ಸಾಲು ಕಣ್ತಪ್ಪುವುದು ಸುಲಭವಾದ್ದರಿಂದ, ದೋಷಕ್ಕೆ ಕೆಂಪು, ಎಚ್ಚರಿಕೆಗೆ ಹಳದಿ, ಯಶಸ್ಸಿಗೆ ಹಸಿರು ಎಂದು ನಿಗದಿ ಮಾಡಿಕೊಂಡೆ.

ಟರ್ಬೊ ಸಿ ಎಂಬ ಹಳೆಯ ಕಂಪೈಲರ್ ಮೂಲಕ ಪ್ರೋಗ್ರಾಮಿಂಗ್ ಕಲಿತವರಿಗೆ ಕೋನಿಯೊ ಹೆಡರ್‌ನ ಟೆಕ್ಸ್ಟ್‌ಕಲರ್ ಫಂಕ್ಷನ್ ನೆನಪಿರುತ್ತದೆ. ಅದು ಸಿಪ್ರಿಂಟ್‌ಎಫ್ ಬರೆದ ಅಕ್ಷರಗಳಿಗೆ ಬಣ್ಣ ಕೊಡುತ್ತಿತ್ತೇ ಹೊರತು ಸಾಮಾನ್ಯ ಪ್ರಿಂಟ್‌ಎಫ್ ಬರೆದವುಗಳಿಗಲ್ಲ. ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಬಳಸುವಾಗ ಆ ಹೆಡರ್ ಸಿಗುವುದಿಲ್ಲ. ಅದರ ಅಗತ್ಯವೂ ಇಲ್ಲ, ಏಕೆಂದರೆ ಇಲ್ಲಿ ಬಣ್ಣದ ಆಜ್ಞೆಯೂ ಅಕ್ಷರಗಳ ಜೊತೆಯಲ್ಲೇ, ಅದೇ ಪ್ರವಾಹದಲ್ಲಿ, ಅಕ್ಷರಗಳನ್ನು ತೆರೆಯ ಮೇಲೆ ತೋರಿಸುವ ಟರ್ಮಿನಲ್‌ಗೆ ಹೋಗುತ್ತದೆ. 27ನೆಯ ಸಂಖ್ಯೆಯ ಎಸ್ಕೇಪ್ ಅಕ್ಷರ, ಅದರ ನಂತರ ತೆರೆದ ಚೌಕಾವರಣ, ಬಳಿಕ 31, ಕೊನೆಗೆ ಸಣ್ಣ ‘ಎಮ್’ ಅಕ್ಷರ: ಬೈಟ್‌ಗಳಾಗಿ ನೋಡಿದರೆ 27, 91, 51, 49, 109. ಈ ಐದು ಬೈಟ್‌ಗಳನ್ನು ಕಂಡ ಟರ್ಮಿನಲ್ ಅವನ್ನು ತೆರೆಯ ಮೇಲೆ ಮೂಡಿಸದೆ, ಮುಂದಿನ ಅಕ್ಷರಗಳನ್ನು ಕೆಂಪಾಗಿಸುತ್ತದೆ. 30ರಿಂದ 37ರವರೆಗಿನ ಸಂಖ್ಯೆಗಳು ಅಕ್ಷರದ ಬಣ್ಣಕ್ಕೆ, 40ರಿಂದ 47 ಹಿನ್ನೆಲೆಗೆ, 90ರಿಂದ 97 ಉಜ್ವಲ ಬಣ್ಣಗಳಿಗೆ. 0 ಕೊಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ. ಇಂಥ ಎಸ್ಕೇಪ್ ಸರಣಿಗಳನ್ನು ಜನಪ್ರಿಯಗೊಳಿಸಿದ, 1978ರ ವಿಟಿ100 ಟರ್ಮಿನಲ್ ಸ್ವತಃ ಏಕವರ್ಣದ ಯಂತ್ರವಾಗಿತ್ತು ಎಂಬುದು ನನಗೆ ಈಗಲೂ ಸ್ವಾರಸ್ಯಕರವಾಗಿ ತೋರುತ್ತದೆ.

ಬಣ್ಣ ಬರಿಸುವುದು ಇಷ್ಟು ಸುಲಭವಾದರೂ, ಹೆಚ್ಚಿನ ಯೋಚನೆ ಬೇಕಾದದ್ದು ಕಾಲಂಗಳನ್ನು ಹೊಂದಿಸುವಲ್ಲಿ. ಪ್ರಿಂಟ್‌ಎಫ್‌ಗೆ ಹನ್ನೆರಡರ ಅಗಲ ಹೇಳಿದರೆ ಅದು ಎಣಿಸುವುದು ಬೈಟ್‌ಗಳನ್ನೇ ಹೊರತು ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ. ಅಕ್ಷರಗಳನ್ನು ಬೈಟ್ ರೂಪಕ್ಕಿಳಿಸುವ ಯುಟಿಎಫ್-8 ಪದ್ಧತಿಯಲ್ಲಿ, ಸ್ವರಚಿಹ್ನೆ ಮತ್ತು ವಿರಾಮಚಿಹ್ನೆ (್) ಸೇರಿ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹೀಗಾಗಿ ‘ದೋಷ’ ಎಂಬ ಪುಟ್ಟ ಪದ ಒಂಬತ್ತು ಬೈಟ್ ಆಗುತ್ತದೆ, ‘ಎಚ್ಚರಿಕೆ’ ಇಪ್ಪತ್ತನಾಲ್ಕು. ಅದಕ್ಕೆ ಬಣ್ಣದ ಐದು ಬೈಟ್ ಮತ್ತು ಬಣ್ಣ ತೆಗೆಯುವ ನಾಲ್ಕು ಬೈಟ್ ಸೇರಿದರೆ, ‘ದೋಷ’ವೂ ಹನ್ನೆರಡನ್ನು ಮೀರಿ, ಖಾಲಿ ಜಾಗವೇ ಸೇರದೆ ಮುಂದಿನ ಕಾಲಂ ಅದಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಪದಗಳಾದರೆ ಮೊದಲು ಜಾಗ ತುಂಬಿಸಿ ಆಮೇಲೆ ಬಣ್ಣ ಸುತ್ತಿದರೆ ಸಾಕು. ಸ್ಥಿತಿಯನ್ನು ಕನ್ನಡದಲ್ಲೇ ತೋರಿಸಬೇಕೆಂಬುದು ನನ್ನ ಹಠವಾಗಿದ್ದುದರಿಂದ, ಸರ್ವರ್‌ನ ಹೆಸರು ಮತ್ತು ಸಮಯವನ್ನು ಮುಂದಿಟ್ಟು, ಬಣ್ಣದ ಕನ್ನಡ ಪದವನ್ನು ಸಾಲಿನ ಕೊನೆಗೆ ಒಯ್ದೆ. ಅದರಾಚೆ ಹೊಂದಿಸಬೇಕಾದ ಕಾಲಂ ಯಾವುದೂ ಉಳಿಯಲಿಲ್ಲ.

ಟರ್ಮಿನಲ್ ಒಪ್ಪಿದರೆ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ತಲಾ 0ರಿಂದ 255ರವರೆಗೆ ಹೇಳಿ ಬೇಕಾದ ಛಾಯೆಯನ್ನೇ ಪಡೆಯಬಹುದು. ಆದರೂ ನಾನು ಹಳೆಯ ಹದಿನಾರು ಬಣ್ಣಗಳಲ್ಲೇ ಉಳಿದೆ, ಏಕೆಂದರೆ ಅವುಗಳ ನಿಜವಾದ ಛಾಯೆ ಬಳಕೆದಾರರು ಆರಿಸಿಕೊಂಡ ಥೀಮ್‌ಗೆ ತಕ್ಕಂತೆ ಇರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಗಾಢ ನೀಲಿಯನ್ನು, ಬಿಳಿ ಹಿನ್ನೆಲೆಯಲ್ಲಿ ಹಳದಿಯನ್ನು ಓದುವುದು ನಿಜಕ್ಕೂ ಕಷ್ಟ. ಕೆಂಪು-ಹಸಿರುಗಳ ವ್ಯತ್ಯಾಸ ಗುರುತಿಸಲಾಗದವರೂ ಇದನ್ನು ಬಳಸಬೇಕಲ್ಲವೇ? ಆದ್ದರಿಂದ ಬಣ್ಣವಿದ್ದರೂ ಪದವನ್ನು ಬಿಡಲಿಲ್ಲ.

ವಿಂಡೋಸ್‌ನಲ್ಲಿ ಹಿಂದಿನಿಂದಲೂ ಇರುವ ದಾರಿ ಸೆಟ್‌ಕನ್ಸೋಲ್‌ಟೆಕ್ಸ್ಟ್‌ಆಟ್ರಿಬ್ಯೂಟ್ ಫಂಕ್ಷನ್. ಅಲ್ಲಿ ನೀಲಿಗೆ 1, ಕೆಂಪಿಗೆ 4. ಎಸ್ಕೇಪ್ ಸರಣಿಯಲ್ಲಿ ಕೆಂಪು 31, ನೀಲಿ 34, ಅಂದರೆ ಕ್ರಮವೇ ತಿರುಗುಮುರುಗು. ವಿಂಡೋಸ್ 10ರಲ್ಲಿ ಎಸ್ಕೇಪ್ ಸರಣಿಗಳೇ ಕೆಲಸ ಮಾಡುವುದರಿಂದ, ಕನ್ಸೋಲ್‌ನ ಮೋಡ್ ಅನ್ನು ಓದಿ, 4 ಬೆಲೆಯ ವರ್ಚುವಲ್ ಟರ್ಮಿನಲ್ ಬಿಟ್ ಸೇರಿಸಿ ಮರಳಿ ಬರೆದು, ಉಳಿದ ಕೋಡ್ ಅನ್ನು ಹಾಗೆಯೇ ಇಟ್ಟುಕೊಂಡೆ.

ಬಣ್ಣದ ಬೈಟ್‌ಗಳು ಕಡತಕ್ಕೋ ಪದ ಹುಡುಕುವ ಸಾಧನವಾದ ಗ್ರೆಪ್‌ಗೋ ಹೋದರೆ ಅವು ಬರಿಯ ಕಸ. ಅದಕ್ಕಾಗಿ ಪ್ರೋಗ್ರಾಮ್ ಶುರುವಾದೊಡನೆ ಇಸ್‌ಎಟಿಟಿವೈ ಫಂಕ್ಷನ್ ಮೂಲಕ ಔಟ್‌ಪುಟ್ ಟರ್ಮಿನಲ್‌ಗೇ ಹೋಗುತ್ತಿದೆಯೇ ಎಂದು ಕೇಳಿ, ಇಲ್ಲವಾದರೆ ಬಣ್ಣದ ಸ್ಟ್ರಿಂಗ್‌ಗಳನ್ನೆಲ್ಲ ಖಾಲಿ ಮಾಡುತ್ತೇನೆ. ಬಣ್ಣ ಬೇಡವೆಂದು ತಿಳಿಸುವ ನೋ_ಕಲರ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಏನೇ ಬೆಲೆಯಿದ್ದರೂ ಹೀಗೆಯೇ ಮಾಡುತ್ತೇನೆ. ಕಂಟ್ರೋಲ್-ಸಿ ಒತ್ತಿ ನಡುವೆಯೇ ನಿಲ್ಲಿಸಿದಾಗ ಶೆಲ್‌ನ ಪ್ರಾಂಪ್ಟ್ ಕೂಡ ಕೆಂಪಾಗಿ ಉಳಿಯದಂತೆ, ಆ ಸೂಚನೆ ಬಂದಾಗ ಓಡುವ ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಬಣ್ಣ ತೆಗೆಯುವ ನಾಲ್ಕು ಬೈಟ್‌ಗಳನ್ನು ಬರೆಸಿದ್ದೇನೆ. ಹ್ಯಾಂಡ್ಲರ್‌ನ ಒಳಗೆ ಪ್ರಿಂಟ್‌ಎಫ್ ಸುರಕ್ಷಿತವಲ್ಲದ ಕಾರಣ ಅಲ್ಲಿ ರೈಟ್ ಸಿಸ್ಟಮ್ ಕಾಲ್ ಅನ್ನೇ ಬಳಸಬೇಕು. ಪಟ್ಟಿ ಉದ್ದವಾಗಿ, ಪುಟಪುಟವಾಗಿ ತೋರಿಸುವ ಸಾಧನವಾದ ಲೆಸ್‌ನಲ್ಲಿ ಬಣ್ಣದೊಂದಿಗೇ ಓದಬೇಕೆನ್ನುವವರಿಗಾಗಿ ‘ಯಾವಾಗಲೂ ಬಣ್ಣ’ ಎಂಬ ಆಯ್ಕೆಯನ್ನೂ ಇಟ್ಟಿದ್ದೇನೆ; ಆಗ ಲೆಸ್ ಆಜ್ಞೆಗೆ ದೊಡ್ಡ ‘ಆರ್’ ಆಯ್ಕೆಯನ್ನು ಸೇರಿಸಿಕೊಳ್ಳಬೇಕು.